ಓದದೆ ಒತ್ತಬೇಡಿ ಹೆಬ್ಬೆಟ್ಟು

ಹಿಂದೆ ನಮ್ಮ ಹಳ್ಳಿಗಾಡಿನಲ್ಲಿ ಸಾಲಕ್ಕೆಂದು ಹೋದ ರೈತನ ಮುಂದೆ ಸಾಹುಕಾರನು ಒಂದು ಪತ್ರವನ್ನು ಚಾಚುತ್ತಿದ್ದನು. ಅದರಲ್ಲಿ ಬರೆದಿರುವುದು ನೂರೋ, ಸಾವಿರವೋ, ಹೊಲದ ಕ್ರಯವೋ, ಭೋಗ್ಯವೋ ರೈತನಿಗೆ ತಿಳಿಯದು. ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದನು. ಅದರ ಫಲವನ್ನು ಮಕ್ಕಳು ಮೊಮ್ಮಕ್ಕಳು ಉಣ್ಣುತ್ತಿದ್ದರು. ಊರೂರಿಗೆ ಶಾಲೆ ಬಂದಿತು, ಅಕ್ಷರ ಬಂದಿತು, ಹೆಬ್ಬೆಟ್ಟಿನ ಕಾಲ ಕಳೆಯಿತು ಎಂದು ನಾವೆಲ್ಲರೂ ಸಮಾಧಾನಪಟ್ಟುಕೊಂಡಿದ್ದೇವೆ. ಆದರೆ ಅದು ನಿಜವಾಗಿ ಕಳೆದಿದೆಯೇ? ಗಣಕಯಂತ್ರದ ಮುಂದೆ ಕುಳಿತು, ಪರದೆಯ ಮೇಲೆ ಬಂದ ಬರಹವನ್ನು ಓದದೆ, ಎಂಟರ್ ಕೀಲಿಯನ್ನು ಮೇಲಿಂದ ಮೇಲೆ ಒತ್ತುವವನಿಗೂ ಆ ರೈತನಿಗೂ ಏನು ವ್ಯತ್ಯಾಸ? ರೈತನಿಗೆ ಓದು ಬರುತ್ತಿರಲಿಲ್ಲ. ನಮಗೆ ಬರುತ್ತದೆ, ಆದರೂ ಓದುವುದಿಲ್ಲ. ಅಷ್ಟೇ ವ್ಯತ್ಯಾಸ.

ಇದು ಎಲ್ಲರಿಗೂ ಸಲ್ಲುವ ಮಾತು. ಆದರೂ ಈ ಲೇಖನದಲ್ಲಿ ನಾವು ಮುಖ್ಯವಾಗಿ ಕಣ್ಣಿನಿಂದಲ್ಲದೆ ಕಿವಿಯಿಂದ ಓದುವ ವಿದ್ಯಾರ್ಥಿಗಳನ್ನು ಕುರಿತು ಹೇಳಬಯಸುತ್ತೇವೆ. ದೃಷ್ಟಿ ಇಲ್ಲದವರು ಗಣಕಯಂತ್ರವನ್ನು ಬಳಸುವುದು ಹೇಗೆಂದು ಪೋಷಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಉಂಟು. ಅದಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ೧೯೮೯ರಲ್ಲಿ ಅಮೆರಿಕದಲ್ಲಿ ಹೊರಬಂದ ಜಾಸ್ ಎಂಬುದು ಈ ಜಾತಿಯ ಪ್ರಸಿದ್ಧ ತಂತ್ರಾಂಶ. ಬೆಲೆ ಮಾತ್ರ ಬಡವರಿಗೆ ಎಟುಕದು. ೨೦೦೬ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ತರುಣರು ಎನ್‌ವಿಡಿಎ ಎಂಬ ಇನ್ನೊಂದು ತಂತ್ರಾಂಶವನ್ನು ಬರೆಯಲು ತೊಡಗಿದರು. ಜೇಮ್ಸ್ ಟೆ ಎಂಬ ಇನ್ನೊಬ್ಬ ಅಂಧ ಗೆಳೆಯರು ಅವರೊಡನೆ ಸೇರಿದರು. ಅದನ್ನು ಜಗತ್ತಿನ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಅದರೊಡನೆ ಬರುವ ಈಸ್ಪೀಕ್ ಎಂಬ ಧ್ವನಿ ನಮ್ಮ ಕನ್ನಡವನ್ನೂ ಓದುತ್ತದೆ. ಯಂತ್ರದ ಉಚ್ಚಾರಣೆ ಮೊದಮೊದಲು ಒರಟೆನಿಸಿದರೂ ಕಿವಿಗೆ ಬೇಗನೆ ಒಗ್ಗುತ್ತದೆ.

ಕಿವಿಯಿಂದ ಬಂದ ವಿದ್ಯೆ ಕಣ್ಣಿನಿಂದ ಬಂದ ವಿದ್ಯೆಗಿಂತ ಕೀಳೆಂದು ಯಾರೂ ತಿಳಿಯಬಾರದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರು. ೧೯೧೪ರಲ್ಲಿ ಹುಟ್ಟಿ ೨೦೧೦ರವರೆಗೆ ಬಾಳಿದ ಪುಟ್ಟರಾಜರು ಸಂಗೀತದಲ್ಲಿ ಮಾತ್ರವಲ್ಲ, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ರಚಿಸಿದರು. ಇಂತಹವರಿಗೆ ಜನ್ಮ ಕೊಟ್ಟ ನಾಡಿನವರಾದ ನಾವು, ನಮ್ಮ ಮನೆಯ ಅಂಧ ಮಗು ಗಣಕಯಂತ್ರದ ಮುಂದೆ ಕುಳಿತರೆ ಹೆಮ್ಮೆಪಡಬೇಕೇ ಹೊರತು ಹೆದರಬಾರದು.

ಆದರೆ ಹೆದರಿಕೆಗೆ ಒಂದು ಕಾರಣ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ತಾಳವಾಡಿ ಸೀಮೆಯ ಪೋಷಕರಲ್ಲಿ ಬಹುಮಂದಿ ಬೇಸಾಯಗಾರರು. ಬಿತ್ತನೆಯ ಬೀಜದೊಡನೆ ಕಳೆಯ ಬೀಜ ಬೆರೆತು ಬಂದರೆ ಏನಾಗುತ್ತದೆಂಬುದನ್ನು ಅವರಿಗೆ ನಾವು ಹೇಳಬೇಕಾಗಿಲ್ಲ. ೧೯೫೦ರ ದಶಕದಲ್ಲಿ ಹೊರದೇಶದ ಗೋಧಿಯೊಡನೆ ಬೆರೆತು ಬಂದಿತೆಂದು ಹೇಳಲಾಗುವ ಪಾರ್ಥೇನಿಯಂ ಗಿಡ ಇಂದು ಹೊಲ, ಬದು, ರಸ್ತೆಯ ಅಂಚು ಯಾವುದನ್ನೂ ಬಿಟ್ಟಿಲ್ಲ. ಯಾರೂ ಅದನ್ನು ಬೇಕೆಂದು ತರಿಸಲಿಲ್ಲ. ಬೇಕಾದುದರ ಸೆರಗು ಹಿಡಿದು ಬೇಡವಾದುದು ಬಂದಿತು. ತಂತ್ರಾಂಶಗಳ ಲೋಕದಲ್ಲಿಯೂ ನಡೆಯುತ್ತಿರುವುದು ಇದೇ. ನಾವು ಹಾಡು ಕೇಳುವ ಒಂದು ತಂತ್ರಾಂಶವನ್ನು ಇಳಿಸಿಕೊಳ್ಳುತ್ತೇವೆ. ಅದರ ಚೀಲದೊಳಗೆ ಜಾಹೀರಾತು ತೋರಿಸುವುದೊಂದು, ನಮ್ಮ ಬ್ರೌಸರನ್ನು ಬೇರೆ ಕಡೆಗೆ ತಿರುಗಿಸುವುದೊಂದು, ನಮ್ಮ ಗುಪ್ತಪದಗಳನ್ನು ಕದ್ದು ಕಳಿಸುವುದೊಂದು ಕುಳಿತು ಬಂದಿರುತ್ತದೆ. ಕೇಡು ಮಾಡುವ ಇಂತಹ ತಂತ್ರಾಂಶಕ್ಕೆ ಮಾಲ್‌ವೇರ್ ಎಂದು ಹೆಸರು.

ಇದು ಕೇವಲ ಕಳ್ಳರ ಬೀದಿಯಲ್ಲಿ ನಡೆಯುವ ಕೆಲಸವೆಂದು ತಿಳಿಯಬೇಡಿರಿ. ೨೦೧೧ರಲ್ಲಿ ಡೌನ್‌ಲೋಡ್ ಡಾಟ್ ಕಾಮ್ ಎಂಬ ಹೆಸರಾಂತ ತಾಣವು ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶಕ್ಕೆ ತನ್ನದೇ ಹೊದಿಕೆ ಹೊದಿಸಿ, ಅದರೊಳಗೆ ಬೇಡದ ಟೂಲ್‌ಬಾರನ್ನು ಸೇರಿಸಿ ಹಂಚಿತು. ಎನ್‌ಮ್ಯಾಪ್ ಬರೆದವರೇ ಅದನ್ನು ಬಹಿರಂಗವಾಗಿ ಖಂಡಿಸಿದರು. ಉಚಿತ ತಂತ್ರಾಂಶಗಳ ತವರೆನಿಸಿದ್ದ ಸೋರ್ಸ್‌ಫೋರ್ಜ್ ತಾಣವೂ ೨೦೧೩ರಲ್ಲಿ ಇದೇ ದಾರಿ ಹಿಡಿಯಿತು. ೨೦೧೬ರಲ್ಲಿ ಅದರ ಒಡೆತನ ಬದಲಾದ ಮೇಲೆ ಆ ಪದ್ಧತಿ ನಿಂತಿತು. ಜಾವಾದಂತಹ ದೊಡ್ಡ ತಂತ್ರಾಂಶದ ಜೊತೆಯಲ್ಲಿಯೂ ಬಹುಕಾಲ ಆಸ್ಕ್ ಟೂಲ್‌ಬಾರ್ ಎಂಬುದು ಮೊದಲೇ ಗುರುತು ಹಾಕಿದ ಚೌಕದೊಡನೆ ಬರುತ್ತಿದ್ದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾವು ಇಲ್ಲಿ ನೆನೆಯಬೇಕು.

ಹಾಗಾದರೆ ಕಿವಿಯಿಂದ ಓದುವವರಿಗೆ ಇದರಲ್ಲಿ ವಿಶೇಷವಾದ ಅಪಾಯವೇನು? ಮೂರು ಉಂಟು.

ಮೊದಲನೆಯದು ಇಳಿಸಿಕೊಳ್ಳುವ ಪುಟ. ಅಲ್ಲಿ ‘ಡೌನ್‌ಲೋಡ್’ ಎಂಬ ಮಾತು ನಾಲ್ಕೈದು ಕಡೆ ಇರುತ್ತದೆ. ಅವುಗಳಲ್ಲಿ ನಿಜವಾದುದು ಒಂದು, ಉಳಿದವು ಜಾಹೀರಾತುಗಳು. ಕಣ್ಣಿರುವವನು ಬಣ್ಣ, ಗಾತ್ರ, ಚೌಕಟ್ಟು ನೋಡಿ ಊಹಿಸಬಹುದು. ಅವನೂ ಅನೇಕ ಸಲ ಮೋಸಹೋಗುತ್ತಾನೆ. ಸ್ಕ್ರೀನ್ ರೀಡರ್ ಆದರೋ ಎಲ್ಲವನ್ನೂ ಒಂದೇ ಧ್ವನಿಯಲ್ಲಿ ‘ಡೌನ್‌ಲೋಡ್, ಲಿಂಕ್’ ಎಂದು ಓದುತ್ತದೆ. ಎರಡನೆಯದು ಅಳವಡಿಸುವ ಹಂತ. ಅಲ್ಲಿ ಕಿಟಕಿ ತೆರೆದೊಡನೆ ಗಮನವು ‘ನೆಕ್ಸ್ಟ್’ ಎಂಬ ಗುಂಡಿಯ ಮೇಲೆ ನಿಂತಿರುತ್ತದೆ. ಅದರ ಮೇಲ್ಗಡೆ, ಮೊದಲೇ ಗುರುತು ಹಾಕಿದ ಚೌಕವೊಂದು ಬೇಡದ ತಂತ್ರಾಂಶಕ್ಕೆ ಒಪ್ಪಿಗೆ ಕೊಡಲು ಸಿದ್ಧವಾಗಿರುತ್ತದೆ. ಎಂಟರ್ ಒತ್ತಿದವನಿಗೆ ಅಂತಹ ಚೌಕವೊಂದು ಇದ್ದಿತೆಂಬುದೇ ತಿಳಿಯುವುದಿಲ್ಲ. ಮೂರನೆಯದು ಮೌನ. ಕೆಲವು ತಂತ್ರಾಂಶಗಳ ಕಿಟಕಿಗಳು ಬರಿಯ ಚಿತ್ರಗಳಂತಿರುತ್ತವೆ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ.

ಇನ್ನು ನಷ್ಟದ ಪ್ರಮಾಣವನ್ನು ನೋಡಿರಿ. ಗಣಕಯಂತ್ರ ಕೆಟ್ಟರೆ ಕಣ್ಣಿರುವ ವಿದ್ಯಾರ್ಥಿಗೆ ಪುಸ್ತಕ ಉಂಟು, ನೋಟ್‌ಬುಕ್ ಉಂಟು, ಪೆನ್ನು ಉಂಟು. ಅಂಧ ವಿದ್ಯಾರ್ಥಿಗೆ ಪುಸ್ತಕ, ನೋಟ್‌ಬುಕ್, ಪೆನ್ನು, ಅಂಚೆಪೆಟ್ಟಿಗೆ ಎಲ್ಲವೂ ಅದೊಂದೇ ಯಂತ್ರ. ಮಾಲ್‌ವೇರ್ ಹೊಕ್ಕು ಯಂತ್ರವನ್ನು ನಿಧಾನಗೊಳಿಸಿದರೆ ಓದುವ ಧ್ವನಿ ತಡವರಿಸುತ್ತದೆ. ಜಾಹೀರಾತಿನ ಕಿಟಕಿಗಳು ಮೇಲಿಂದ ಮೇಲೆ ಎದ್ದರೆ ಓದುತ್ತಿದ್ದ ಪಾಠ ತುಂಡುತುಂಡಾಗುತ್ತದೆ. ಧ್ವನಿಯೇ ನಿಂತರೆ ಆ ಮಗುವಿನ ಪಾಲಿಗೆ ಶಾಲೆಯ ಬಾಗಿಲೇ ಮುಚ್ಚಿದಂತೆ. ಸರಿಪಡಿಸಬೇಕಾದರೆ ನಮ್ಮಲ್ಲಿ ಬಹುಮಂದಿ ಯಂತ್ರವನ್ನು ಹೊತ್ತು ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ದುರಸ್ತಿಯ ಹಣ ಎಲ್ಲ ಸೇರಿದರೆ ಬಡವರ ಮನೆಗೆ ಅದು ಸಣ್ಣ ಹೊರೆಯಲ್ಲ.

ಆದ್ದರಿಂದ, ‘ಆ ಮಗುವಿಗೆ ಈ ಉಸಾಬರಿಯೇ ಬೇಡ, ಇಳಿಸಿಕೊಳ್ಳುವ ಕೆಲಸವನ್ನೆಲ್ಲ ಕಣ್ಣಿರುವ ಅಣ್ಣನೋ ಅಕ್ಕನೋ ಮಾಡಿಕೊಡಲಿ’ ಎಂದು ಹೇಳುವವರುಂಟು. ಅವರ ಮಾತಿನಲ್ಲಿ ಪ್ರೀತಿ ಇದೆ, ನಿಜ. ಅಗತ್ಯವಾದಾಗ ಇನ್ನೊಬ್ಬರ ನೆರವು ಕೇಳುವುದು ತಪ್ಪೂ ಅಲ್ಲ. ಆದರೆ ಯಾವಾಗಲೂ ಹಾಗೆಯೇ ಆಗಬೇಕೆಂಬುದನ್ನು ನಾವು ಒಪ್ಪಲಾರೆವು. ಕಣ್ಣಿರುವ ಅಣ್ಣನು ಹೆಚ್ಚು ಜಾಗರೂಕನೆಂದು ಹೇಳಿದವರಾರು? ಹಸಿರು ಬಣ್ಣದ ದೊಡ್ಡ ಗುಂಡಿಯನ್ನು ಕಂಡೊಡನೆ ಓದದೆ ಒತ್ತುವವನು ಅವನೇ. ಕಿವಿಯಿಂದ ಓದುವವನು ಅಕ್ಷರ ಅಕ್ಷರವನ್ನೂ ಕೇಳಬೇಕಾಗುವುದರಿಂದ, ಕಲಿಸಿಕೊಟ್ಟರೆ ಅವನೇ ಹೆಚ್ಚು ಒಳ್ಳೆಯ ಕಾವಲುಗಾರನಾಗುತ್ತಾನೆ. ಅಲ್ಲದೆ ಅಣ್ಣ ನಾಳೆ ತಿರುಪ್ಪೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದರೆ ಆಗೇನು ಗತಿ? ಮನೆಯ ಬೀಗದ ಕೈ ಮನೆಯವನ ಬಳಿಯೇ ಇರಬೇಕು. ಆದುದರಿಂದ ನೆರವು ನೀಡುವವರು ಪಕ್ಕದಲ್ಲಿ ಕುಳಿತುಕೊಳ್ಳಲಿ; ಕೀಲಿಗಳ ಮೇಲೆ ಮಾತ್ರ ಆ ಮಗುವಿನ ಬೆರಳೇ ಇರಲಿ.

ಈಗ ಮಾಡಬೇಕಾದುದೇನೆಂಬುದನ್ನು ಕ್ರಮವಾಗಿ ಹೇಳುತ್ತೇವೆ.

೧. ತಂತ್ರಾಂಶವನ್ನು ಬರೆದವರ ಸ್ವಂತ ತಾಣದಿಂದಲೇ ಪಡೆಯಿರಿ. ಎನ್‌ವಿಡಿಎ ಬೇಕಾದರೆ ಎನ್‌ವಿ ಆಕ್ಸೆಸ್ ಡಾಟ್ ಆರ್ಗ್ ಎಂಬುದೇ ಅದರ ವಿಳಾಸ. ಹುಡುಕುವ ಯಂತ್ರ ತೋರಿಸುವ ಮೊದಲ ಸಾಲು ಅನೇಕ ವೇಳೆ ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರುತ್ತದೆ. ಆದುದರಿಂದ ವಿಳಾಸವನ್ನು ನೀವೇ ಬೆರಳಚ್ಚು ಮಾಡುವುದು ಮೇಲು. ವಿಂಡೋಸಿನಲ್ಲಿರುವ ಮೈಕ್ರೋಸಾಫ್ಟ್ ಸ್ಟೋರ್ ಮತ್ತು ವಿಂಗೆಟ್ ಎಂಬ ಆಜ್ಞೆಯೂ ಒಳ್ಳೆಯ ದಾರಿಗಳು. ವಿಂಗೆಟ್‌ನಲ್ಲಿ ಬರಿಯ ಅಕ್ಷರಗಳಷ್ಟೇ ಇರುವುದರಿಂದ ಸುಳ್ಳು ಗುಂಡಿಗಳ ಕಾಟವೇ ಇಲ್ಲ.

೨. ಒತ್ತುವ ಮೊದಲು ಕೊಂಡಿಯ ಗುರಿಯನ್ನು ಕೇಳಿರಿ. ಎನ್‌ವಿಡಿಎ ಬಳಸುವವರು ಇನ್ಸರ್ಟ್ ಕೀಲಿಯೊಡನೆ ‘ಕೆ’ ಒತ್ತಿದರೆ ಆ ಕೊಂಡಿ ಯಾವ ವಿಳಾಸಕ್ಕೆ ಹೋಗುತ್ತದೆಂಬುದನ್ನು ಅದು ಓದಿ ಹೇಳುತ್ತದೆ. ಇನ್ಸರ್ಟ್ ಜೊತೆ ಎಫ್ ೭ ಒತ್ತಿದರೆ ಪುಟದ ಕೊಂಡಿಗಳೆಲ್ಲ ಪಟ್ಟಿಯಾಗಿ ಬರುತ್ತವೆ. ತಾಣದ ಹೆಸರು ಒಂದು, ಕೊಂಡಿಯ ವಿಳಾಸ ಇನ್ನೊಂದು ಆಗಿದ್ದರೆ ಅಲ್ಲಿಯೇ ನಿಲ್ಲಿರಿ.

೩. ಇಳಿಸಿಕೊಂಡ ಕಡತವನ್ನು ಒಡನೆ ತೆರೆಯಬೇಡಿರಿ. ಅದರ ಮೇಲೆ ನಿಂತು ಆಲ್ಟ್ ಮತ್ತು ಎಂಟರ್ ಒತ್ತಿದರೆ ಗುಣಲಕ್ಷಣಗಳ ಕಿಟಕಿ ಬರುತ್ತದೆ. ಅಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಭಾಗದಲ್ಲಿ ತಯಾರಕರ ಸಹಿ ಇದೆಯೇ ನೋಡಿರಿ. ಸಂದೇಹ ಬಂದರೆ ವೈರಸ್‌ಟೋಟಲ್ ಎಂಬ ತಾಣಕ್ಕೆ ಕಡತವನ್ನು ಕಳಿಸಬಹುದು. ಅದು ಹತ್ತಾರು ವೈರಸ್ ನಿರೋಧಕಗಳಿಂದ ಏಕಕಾಲಕ್ಕೆ ಪರೀಕ್ಷೆ ಮಾಡಿಸುತ್ತದೆ. ಆದರೆ ಮನೆಯ ಸ್ವಂತ ಕಾಗದಪತ್ರಗಳನ್ನು ಅಲ್ಲಿಗೆ ಕಳಿಸಬಾರದು.

೪. ಅಳವಡಿಸುವಾಗ ಎಂಟರ್ ಒತ್ತುವ ಮೊದಲು ಟ್ಯಾಬ್ ಕೀಲಿಯಿಂದ ಕಿಟಕಿಯನ್ನು ಒಂದು ಸುತ್ತು ಸುತ್ತಿ ಬನ್ನಿರಿ. ಇನ್ಸರ್ಟ್ ಜೊತೆ ‘ಬಿ’ ಒತ್ತಿದರೆ ಎನ್‌ವಿಡಿಎ ಇಡೀ ಕಿಟಕಿಯನ್ನು ಓದುತ್ತದೆ. ಬೇಡದ ಚೌಕಕ್ಕೆ ಗುರುತಿದ್ದರೆ ಸ್ಪೇಸ್ ಒತ್ತಿ ತೆಗೆಯಿರಿ. ‘ಎಕ್ಸ್‌ಪ್ರೆಸ್’ ಮತ್ತು ‘ಕಸ್ಟಮ್’ ಎಂಬ ಎರಡು ದಾರಿಗಳಿದ್ದರೆ ಕಸ್ಟಮ್ ಹಿಡಿಯಿರಿ. ಅವಸರದ ದಾರಿಯಲ್ಲಿಯೇ ಬೇಡದವರು ಬಂಡಿ ಹತ್ತುವುದು.

೫. ಕಿಟಕಿ ಏನನ್ನೂ ಓದದಿದ್ದರೆ ಎಸ್ಕೇಪ್ ಒತ್ತಿ ಹೊರಬನ್ನಿರಿ. ಓದಲಾಗದ ಪತ್ರಕ್ಕೆ ಹೆಬ್ಬೆಟ್ಟು ಬೇಡ. ಹಾಗೆಯೇ ಅಳವಡಿಸುವ ನಡುವೆ ವಿಂಡೋಸ್ ಅನುಮತಿ ಕೇಳುತ್ತದೆ. ಆಗ ಅದು ಹೇಳುವ ಪ್ರಕಾಶಕರ ಹೆಸರನ್ನು ಗಮನವಿಟ್ಟು ಕೇಳಿರಿ. ಯಂತ್ರದಲ್ಲಿ ಅಳವಡಿಸದೆ ಪೆನ್ ಡ್ರೈವ್‌ನಿಂದ ನಡೆಸುವ ಎನ್‌ವಿಡಿಎ ಆ ಕಿಟಕಿಯನ್ನು ಓದಲಾರದು. ಅಳವಡಿಸಿದ ಎನ್‌ವಿಡಿಎ ಓದುತ್ತದೆ. ಆದುದರಿಂದ ಸ್ವಂತ ಯಂತ್ರದಲ್ಲಿ ಅದನ್ನು ಅಳವಡಿಸಿಕೊಳ್ಳುವುದೇ ಕ್ಷೇಮ.

ಇಷ್ಟೆಲ್ಲ ಮಾಡಿದರೆ ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ೨೦೧೭ರಲ್ಲಿ ಸಿಕ್ಲೀನರ್ ಎಂಬ ತಂತ್ರಾಂಶದ ಸ್ವಂತ ತಾಣದಿಂದಲೇ ಸುಮಾರು ಒಂದು ತಿಂಗಳ ಕಾಲ ವಿಷ ಬೆರೆತ ಆವೃತ್ತಿ ಹಂಚಿಕೆಯಾಯಿತು. ಇಪ್ಪತ್ತೆರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ತಲುಪಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆದುದರಿಂದಲೇ ವಿಂಡೋಸಿನೊಡನೆ ಬರುವ ವೈರಸ್ ನಿರೋಧಕವನ್ನು ಸದಾ ಚಾಲನೆಯಲ್ಲಿಡಬೇಕು, ತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸಬೇಕು, ಮುಖ್ಯವಾದ ಬರಹಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕು. ಹೊಲಕ್ಕೆ ಬೇಲಿ ಹಾಕಿದವನು ರಾತ್ರಿ ಕಾವಲಿಗೂ ಹೋಗುತ್ತಾನಲ್ಲವೇ?

ಗಣಕಯಂತ್ರಕ್ಕಿಂತ ಮೊಬೈಲ್ ಫೋನ್ ಇಂದು ಹೆಚ್ಚು ಮನೆಗಳಲ್ಲಿದೆ. ಅಲ್ಲಿಯೂ ಒಂದು ಗಂಡಾಂತರವಿದೆ. ಮದುವೆಯ ಕರೆಯೋಲೆ, ವಾಹನದ ದಂಡದ ರಶೀದಿ, ರೈತರಿಗೆ ಬರುವ ಸಹಾಯಧನ ಎಂದೆಲ್ಲ ಹೆಸರಿಟ್ಟುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಎಂಬ ಕಡತಗಳು ಬರುತ್ತವೆ. ಕರೆಯೋಲೆ ಎಂದರೆ ಚಿತ್ರವೋ ಬರಹವೋ ಆಗಿರಬೇಕು. ಅಳವಡಿಸಬೇಕಾದ ಕರೆಯೋಲೆ ಎಲ್ಲಿಯಾದರೂ ಉಂಟೇ? ಇಂತಹ ಕಡತಗಳಲ್ಲಿ ಹಲವು ಅಳವಡಿಸಿದೊಡನೆ ಆಕ್ಸೆಸಿಬಿಲಿಟಿ ಎಂಬ ಅನುಮತಿಯನ್ನು ಕೇಳುತ್ತವೆ. ಅಂಧರಿಗೆ ಫೋನನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕೆಲಸ ಮಾಡುವುದು ಅದೇ ಅನುಮತಿಯಿಂದ. ಅಂಧರಿಗೆ ಊರುಗೋಲಾಗಲೆಂದು ಮಾಡಿದ ಆ ಅನುಮತಿ ಕಳ್ಳನ ಕೈಗೆ ಸಿಕ್ಕರೆ ಅವನು ಪರದೆಯನ್ನು ಓದಬಲ್ಲ, ಗುಂಡಿಗಳನ್ನು ತಾನೇ ಒತ್ತಬಲ್ಲ. ಆ ಹೆಸರನ್ನು ದಿನವೂ ಕೇಳಿ ಒಗ್ಗಿರುವ ಅಂಧ ವಿದ್ಯಾರ್ಥಿಯು ಸಹಜವಾಗಿಯೇ ಒಪ್ಪಿಗೆ ಕೊಟ್ಟುಬಿಡಬಹುದು. ಆದುದರಿಂದ ನೆನಪಿಡಿರಿ: ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಯಾವ ಅಪರಿಚಿತ ಆ್ಯಪ್‌ಗೂ ಆ ಅನುಮತಿ ಕೂಡದು. ದೂರದಿಂದ ನಮ್ಮ ಯಂತ್ರವನ್ನು ನಡೆಸಲು ಬಿಡುವ ತಂತ್ರಾಂಶಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅಂತಹ ಎನಿಡೆಸ್ಕ್ ಎಂಬುದನ್ನು ವಂಚಕರು ಬಳಸುತ್ತಿರುವ ಬಗ್ಗೆ ರಿಸರ್ವ್ ಬ್ಯಾಂಕು ೨೦೧೯ರಲ್ಲಿಯೇ ಎಚ್ಚರಿಸಿತ್ತು. ಪರಿಚಿತ ಗುರುವಿಗೆ ಕೊಡಬಹುದಾದ ಕೀಲಿಯನ್ನು ಫೋನ್ ಮಾಡಿದ ಅಪರಿಚಿತನಿಗೆ ಕೊಡಲಾದೀತೇ?

ಕದ್ದ ತಂತ್ರಾಂಶದ ಬಗೆಗೂ ಒಂದು ಮಾತು. ಬೆಲೆ ಹೆಚ್ಚಾದ ಸ್ಕ್ರೀನ್ ರೀಡರ್‌ಗಳ ಬೀಗ ಒಡೆದ ಪ್ರತಿಗಳು ಪೆನ್ ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುವುದುಂಟು. ಬೀಗ ಒಡೆದು ತಂದವನು ಚೀಲದಲ್ಲಿ ಇನ್ನೇನನ್ನು ಇಟ್ಟಿದ್ದಾನೆಂದು ಯಾರು ಬಲ್ಲರು? ಇಂತಹ ಪ್ರತಿಗಳನ್ನು ಅಳವಡಿಸುವ ಮೊದಲು ‘ವೈರಸ್ ನಿರೋಧಕವನ್ನು ನಿಲ್ಲಿಸಿ’ ಎಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆಯಿರಿ ಎಂದು ಹೇಳುವವನು ನೆಂಟನೇ, ಕಳ್ಳನೇ? ಇಬ್ಬರು ಅಂಧರು ತಮ್ಮ ಬುದ್ಧಿ ಮತ್ತು ಶ್ರಮದಿಂದ ಲೋಕಕ್ಕೆ ಉಚಿತವಾಗಿ ಕೊಟ್ಟ ಎನ್‌ವಿಡಿಎ ಇರುವಾಗ ಕದಿಯಬೇಕಾದ ಅಗತ್ಯವಾದರೂ ಏನಿದೆ?

ಕನ್ನಡ ಕಲಿಸುವವರಿಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಇದು ಮೂಲತಃ ಓದಿನ ವಿಷಯ, ಆದುದರಿಂದ ನಮ್ಮ ವಿಷಯವೂ ಹೌದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಎರಡರಲ್ಲಿಯೂ ಚುರುಕಾಗಿರುವ ನಮ್ಮ ಮಕ್ಕಳು ಈ ಕಿಟಕಿಗಳ ಇಂಗ್ಲಿಷಿನ ಮುಂದೆ ಮಾತ್ರ ತಬ್ಬಿಬ್ಬಾಗುತ್ತಾರೆ. ಅದಕ್ಕಾಗಿ ಇಡೀ ಇಂಗ್ಲಿಷ್ ಭಾಷೆಯನ್ನು ಕಲಿಯುವವರೆಗೆ ಕಾಯಬೇಕಾಗಿಲ್ಲ. ಹತ್ತು ಮಾತುಗಳನ್ನು ಕಿವಿಗೆ ಪಾಠ ಮಾಡಿಸಿದರೆ ಸಾಕು. ‘ಅಕ್ಸೆಪ್ಟ್’ ಎಂದರೆ ಒಪ್ಪಿದೆ, ‘ಡಿಕ್ಲೈನ್’ ಎಂದರೆ ಒಲ್ಲೆ, ‘ಸ್ಕಿಪ್’ ಎಂದರೆ ಇದನ್ನು ಬಿಟ್ಟು ಮುಂದೆ ಹೋಗು. ‘ಆಫರ್’, ‘ಪಾರ್ಟ್‌ನರ್’, ‘ಆಪ್ಷನಲ್’ ಎಂಬ ಮಾತು ಕೇಳಿದರೆ ಬೇಡದ ಸರಕು ಬಂದಿದೆಯೆಂದು ಅರ್ಥ. ‘ರೆಕಮೆಂಡೆಡ್’ ಎಂದರೆ ಅವರಿಗೆ ಲಾಭವಾದುದು, ನಮಗೆ ಲಾಭವಾದುದೇ ಆಗಿರಬೇಕೆಂದಿಲ್ಲ. ‘ಟ್ರಯಲ್’ ಎಂದರೆ ಕೆಲವು ದಿನದ ರುಚಿ, ಆಮೇಲೆ ಹಣ. ‘ಚೆಕ್ಡ್’ ಎಂದರೆ ಚೌಕದಲ್ಲಿ ಗುರುತಿದೆ, ‘ನಾಟ್ ಚೆಕ್ಡ್’ ಎಂದರೆ ಇಲ್ಲ. ಸಾಮಾನ್ಯವಾಗಿ ಆಫರನ್ನು ನಿರಾಕರಿಸಿದರೆ ಮೂಲ ತಂತ್ರಾಂಶಕ್ಕೆ ಯಾವ ಕೊರತೆಯೂ ಆಗದು. ಈ ಧೈರ್ಯ ಬಂದರೆ ಅರ್ಧ ಗೆದ್ದಂತೆ.

ಶಾಲೆಗಳು ಮಾಡಬಹುದಾದ ಒಂದು ಕೆಲಸವೂ ಇದೆ. ೨೦೧೧ರಲ್ಲಿ ತಮಿಳುನಾಡು ಸರ್ಕಾರವು ಉಚಿತ ಲ್ಯಾಪ್‌ಟಾಪ್ ಯೋಜನೆಯನ್ನು ಆರಂಭಿಸಿದ ಮೇಲೆ ಗಣಕಯಂತ್ರವನ್ನು ಕಾಣದಿದ್ದ ಅನೇಕ ಮನೆಗಳಿಗೂ ಅದು ಬಂದಿತು. ಯಂತ್ರದ ಜೊತೆಗೆ ಎಚ್ಚರವನ್ನೂ ಹಂಚಬೇಕಲ್ಲವೇ? ಪ್ರತಿ ಶಾಲೆಯಲ್ಲಿಯೂ ಒಂದು ರಿಜಿಸ್ಟರ್ ಇರಲಿ. ತಂತ್ರಾಂಶದ ಹೆಸರು, ತಯಾರಕರ ವಿಳಾಸ, ಇಳಿಸಿಕೊಂಡ ತಾರೀಖು, ಪರೀಕ್ಷಿಸಿದವರ ಹೆಸರು ಅದರಲ್ಲಿ ದಾಖಲಾಗಲಿ. ಆ ಕಡತಗಳನ್ನು ಶಾಲೆಯ ಯಂತ್ರದಲ್ಲಿಟ್ಟು, ಸಿಗ್ನಲ್ ಸಿಗದ ಕಾಡಂಚಿನ ಊರುಗಳ ಮಕ್ಕಳಿಗೆ ಅಲ್ಲಿಂದಲೇ ಕೊಡಬಹುದು. ಹಳೆಯ ಪ್ರತಿ ಹಳಸಿದ ಅನ್ನವಿದ್ದಂತೆ. ಆದುದರಿಂದ ಮೂರು ತಿಂಗಳಿಗೊಮ್ಮೆ ಹೊಸದನ್ನು ತರಿಸಬೇಕು. ರಿಜಿಸ್ಟರನ್ನು ನೋಡಿಕೊಳ್ಳುವ ಹೊಣೆಯನ್ನು ಅಂಧ ವಿದ್ಯಾರ್ಥಿಗೇ ವಹಿಸಿದರೆ ಇನ್ನೂ ಒಳ್ಳೆಯದು. ಯಾವಾಗಲೂ ಇತರರಿಂದ ಪಡೆಯುವವನೆಂದು ಎಣಿಸಿದ ಆ ಮಗು, ಇಡೀ ಶಾಲೆಗೆ ಕೊಡುವವನಾಗುತ್ತಾನೆ.

ಕೊನೆಯದಾಗಿ ಪೋಷಕರಲ್ಲಿ ಒಂದು ಪ್ರಾರ್ಥನೆ. ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಕೇಡು ಆಗುತ್ತದೆ. ಆಗ ಮಗುವನ್ನು ಬೈಯಬೇಡಿರಿ. ಬೈಸಿಕೊಂಡ ಮಗು ಮುಂದಿನ ಸಲ ಹೇಳದೆ ಮುಚ್ಚಿಡುತ್ತದೆ. ಮುಚ್ಚಿಟ್ಟ ಕೇಡು ಬೆಳೆಯುತ್ತದೆ. ಮೊದಲು ಇಂಟರ್‌ನೆಟ್ ಸಂಪರ್ಕವನ್ನು ಕಡಿಯಿರಿ. ಎನ್‌ವಿಡಿಎ ಮೂಕವಾಗಿದ್ದರೆ ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸಿನದೇ ಆದ ನರೇಟರ್ ಎಂಬ ಧ್ವನಿ ಎದ್ದು ಬರುತ್ತದೆ. ಅದರ ನೆರವಿನಿಂದ ವೈರಸ್ ಪರೀಕ್ಷೆ ನಡೆಸಬಹುದು. ಭಾರತ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಯಂತ್ರವನ್ನು ಶುಚಿಗೊಳಿಸುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನ್ ಮಾಡಿರಿ. ಒಡೆಯನ ಅನುಮತಿಯಿಲ್ಲದೆ ಯಂತ್ರದೊಳಗೆ ವೈರಸ್ ಸೇರಿಸುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ತಪ್ಪು ಮೋಸ ಮಾಡಿದವನದು, ಮೋಸಹೋದ ಮಗುವಿನದಲ್ಲ.

ವಿದ್ಯಾರ್ಥಿ ಮಿತ್ರರೇ, ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದರು. ಕಿವಿಯಿಂದ ಓದುವವರೂ ಹಾಗೆಯೇ ಕೇಳಿದುದನ್ನು ಪ್ರಮಾಣಿಸಲಿ, ಆಮೇಲೆ ಕೀಲಿ ಒತ್ತಲಿ. ಕಣ್ಣಿರುವವರು ಅವರಿಂದ ಈ ತಾಳ್ಮೆಯ ಓದನ್ನು ಕಲಿಯಲಿ. ಅಕ್ಷರ ಕಲಿತವರ ಮನೆಯಲ್ಲಿ ಹೆಬ್ಬೆಟ್ಟಿನ ಕಾಲ ಮತ್ತೆ ಬರಬಾರದು.